ಬೆಳಕು ಹೆಚ್ಚಿಸಿ, ಬಣ್ಣ ಮುಟ್ಟಬೇಡಿ

ಆ ಕಂಪನಿ ನನ್ನ ಸಿಂಗಪುರದ ವರ್ಕ್ ಪಾಸ್ ರಿನ್ಯೂ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಯ್ಯೋ ಪಾಪ ಅನ್ನಬಾರದು. ಒನ್-ನಾರ್ತ್ ಬಡಾವಣೆಯ ಆಫೀಸಿನಿಂದ ಹೊರಬಿದ್ದವಳು ಅದೇ ಊರಿನ ರಾಫೆಲ್ಸ್ ಪ್ಲೇಸ್‌ನಲ್ಲಿ ಬೇರೆ ಕೆಲಸ ಹಿಡಿದೆ, ಚೆನ್ನಾಗಿಯೇ ಇದ್ದೇನೆ. ಹೊರಬೀಳುವುದಕ್ಕೆ ಕಾರಣವಾದ ಕೆಲವು ತಿಂಗಳ ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಪಶ್ಚಾತ್ತಾಪಕ್ಕಂತೂ ಅಲ್ಲ. ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರೂ ಅದನ್ನೇ ಮಾಡುತ್ತೇನೆ.

ಅಮೆರಿಕದಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ನಮ್ಮ ಆಧಾರ್ ಥರದ, ಸಿಂಗಪುರದ ಐಸಿ ಥರದ ಕಾರ್ಡು ಅಲ್ಲಿನವರ ಜೇಬಿನಲ್ಲಿ ಇರುವುದಿಲ್ಲ. ಬ್ಯಾಂಕಿಗೆ ಹೋದರೂ ವಿಮಾನ ಹತ್ತಿದರೂ ತೋರಿಸುವುದು ಲೈಸೆನ್ಸನ್ನೇ. ಒಂದೊಂದು ರಾಜ್ಯದ್ದು ಒಂದೊಂದು ರೀತಿ ಇದ್ದದ್ದರಿಂದ ಫೆಡರಲ್ ಸರ್ಕಾರ ಎಲ್ಲಕ್ಕೂ ಒಂದೇ ಮಟ್ಟ ಗೊತ್ತುಮಾಡಿತು. ಆ ಮಟ್ಟ ಮುಟ್ಟಿದ ಕಾರ್ಡಿಗೆ ಮೇಲ್ಗಡೆ ಒಂದು ನಕ್ಷತ್ರ. ಅದಿಲ್ಲದ ಲೈಸೆನ್ಸ್ ತೋರಿಸಿ ಮುಂದೆ ವಿಮಾನ ಹತ್ತುವಂತಿಲ್ಲ. ನಿಯಮಗಳ ಪಟ್ಟಿ ಹನುಮಂತನ ಬಾಲ. ಅದರಲ್ಲಿ ನಮಗೆ ಬೇಕಾದದ್ದು ಫೋಟೋದ ಭಾಗ ಮಾತ್ರ: ನೆತ್ತಿಯಿಂದ ಗದ್ದದವರೆಗೆ, ಕಿವಿಯಿಂದ ಕಿವಿಯವರೆಗೆ ಮುಖ ಕಾಣಬೇಕು, ಬೆಳಕು ಎರಡೂ ಕಡೆ ಸಮನಾಗಿ ಬೀಳಬೇಕು, ನೆರಳಿರಬಾರದು, ಕಣ್ಣಿನ ಪಾಪೆ ಸ್ಪಷ್ಟವಾಗಿರಬೇಕು, ಹಣೆ ಮೂಗು ಹೊಳೆಯಬಾರದು.

ಈ ನಿಯಮಗಳನ್ನು ಕ್ಯಾಮೆರಾದ ಹಿಂದೆ ಕೂತು ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಅಲ್ಲಿನ ಒಂದು ರಾಜ್ಯಕ್ಕೆ ಕಾರ್ಡು ಅಚ್ಚು ಹಾಕುವ ಅಮೆರಿಕದ ಕಂಪನಿಯೊಂದು ನಮಗೆ ಒಳಗುತ್ತಿಗೆ ಕೊಟ್ಟಿತ್ತು. ಕೌಂಟರಿನ ಮುಂದೆ ಜನ ಕೂರುತ್ತಾರೆ, ಗುಮಾಸ್ತ ಗುಂಡಿ ಒತ್ತುತ್ತಾನೆ, ನಮ್ಮ ಸಾಫ್ಟ್‌ವೇರ್ ಫೋಟೋ ನೋಡಿ ಹಸಿರು ಅಥವಾ ಕೆಂಪು ತೋರಿಸುತ್ತದೆ. ಕೆಂಪು ಬಂದರೆ ಮತ್ತೆ ತೆಗೆಯಬೇಕು. ಆ ಹಸಿರು-ಕೆಂಪನ್ನು ತೀರ್ಮಾನಿಸುವ ಭಾಗ ನನ್ನದು. ನಾನು ಸೈನ್ ಆಫ್ ಮಾಡದೆ ಅದರಲ್ಲಿ ಏನೂ ಹೊರಗೆ ಹೋಗುವಂತಿರಲಿಲ್ಲ.

ಪರೀಕ್ಷೆಗೆ ಮುಖಗಳು ಬೇಕಿದ್ದವು. ಅಮೆರಿಕದವರು ಕಳಿಸಿದ ಫೋಟೋಗಳಲ್ಲಿ ಹೆಚ್ಚಿನವರು ಬಿಳಿಯರು. ಕಪ್ಪು, ಕಂದು ಮುಖಗಳ ಮೇಲೂ ಪರೀಕ್ಷೆ ಆಗಲೇಬೇಕು ಎಂಬ ಷರತ್ತು ಒಪ್ಪಂದದಲ್ಲಿತ್ತು. ನಮ್ಮ ಮ್ಯಾನೇಜರ್ ಮೈಸೂರಿನವರು, ಮೃದು ಮಾತಿನವರು. ಭಾರತದಿಂದ ಬಂದವರಿಗೆಲ್ಲ ಮೇಲ್ ಕಳಿಸಿದರು: ನಿಮ್ಮದು, ಮನೆಯವರದು, ನೆಂಟರದು, ಒಪ್ಪಿಗೆ ಪಡೆದು ಪಾಸ್‌ಪೋರ್ಟ್ ಸೈಜಿನ ಫೋಟೋ ಕೊಡಿ. ಕನ್ನಡದವರು, ತಮಿಳರು, ತೆಲುಗರು ಎಲ್ಲರೂ ಊರಿನಿಂದ ತರಿಸಿ ಕೊಟ್ಟೆವು. ನನ್ನದನ್ನು ಬಳ್ಳಾರಿಯಿಂದ ಅಮ್ಮ ಕಳಿಸಿದರು. ಸಾಫ್ಟ್‌ವೇರ್ ಓಡಿಸಿದೆವು. ಒಂದೇ ಒಂದು ಕೆಂಪು ಬರಲಿಲ್ಲ. ಮ್ಯಾನೇಜರ್ ಎಲ್ಲರಿಗೂ ಐಸ್ ಕಚಾಂಗ್, ಇಲ್ಲಿನ ಬಣ್ಣದ ಐಸ್ ತಿಂಡಿ, ಕೊಡಿಸಿದರು.

ಆ ರಾಜ್ಯದ ಒಂದು ಸಣ್ಣ ಲೈಸೆನ್ಸ್ ಕಚೇರಿಯಲ್ಲಿ ಪ್ರಯೋಗ ಶುರುವಾಯಿತು. ದಿನಾ ನಮ್ಮ ಬೆಳಿಗ್ಗೆ, ಅವರ ಸಂಜೆ, ಕಾಲ್ ಇರುತ್ತಿತ್ತು. ಆ ಕಚೇರಿಯ ಮೇಲ್ವಿಚಾರಕಿ ಐವತ್ತು ದಾಟಿದ ಕಪ್ಪು ಹೆಂಗಸು. ಕನ್ನಡಕ ಹಣೆಗೇರಿಸಿಕೊಂಡು ನಿಧಾನ ಮಾತಾಡುವವರು. ಮೊದಲ ವಾರವೇ ಅವರು ಹೇಳಿದ ಸಂಗತಿಗೆ ನಮ್ಮ ಐಸ್ ಕಚಾಂಗ್ ಹೊಟ್ಟೆಯಲ್ಲೇ ಕಹಿಯಾಯಿತು. ಬಿಳಿಯರು ಬಂದರೆ ಒಂದೇ ಸಲಕ್ಕೆ ಹಸಿರು. ಕಪ್ಪು ಜನ ಬಂದರೆ ಕೆಂಪು, ಮತ್ತೆ ಕೆಂಪು, ಮತ್ತೂ ಕೆಂಪು. ಪಾಪೆ ಕಾಣುತ್ತಿಲ್ಲ, ಮುಖದ ವಿವರ ಸಾಲದು ಎಂದು ಸಾಫ್ಟ್‌ವೇರ್ ತಕರಾರು. ರಜೆ ಹಾಕಿ ಬಂದವರು ಫೋಟೋ ಆಗದೆ ಹಿಂದಿರುಗುತ್ತಿದ್ದರು. ಒಬ್ಬ ಮುದುಕರನ್ನು ಮೂರು ಸಲ ಕರೆಸಬೇಕಾಯಿತು ಎಂದು ಅವರು ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸತ್ತ ದನಿ. ನನಗೆ ಅದೇ ಹೆಚ್ಚು ಚುಚ್ಚಿತು.

ನಮ್ಮ ಕಡೆಯ ಮೊದಲ ಉತ್ತರ, ಗುಮಾಸ್ತರಿಗೆ ಸರಿಯಾಗಿ ಕೂರಿಸಲು ಬರುವುದಿಲ್ಲ, ಅವರಿಗೆ ತರಬೇತಿ ಕೊಡಿ ಎಂದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಅದು ನಡೆಯಲಿಲ್ಲ. ಆಗ ಮ್ಯಾನೇಜರ್ ತಾವೇ ಕೂತು ಒಂದು ಪ್ಯಾಚ್ ಬರೆದರು. ಫೋಟೋ ತೆಗೆದ ಕೂಡಲೇ ಮುಖದ ಭಾಗವನ್ನು ಸಾಫ್ಟ್‌ವೇರೇ ತಿಳಿಗೊಳಿಸಿ, ಆಮೇಲೆ ಪರೀಕ್ಷೆಗೆ ಕೊಡುವುದು. ಕಾರ್ಡಿನ ಮೇಲೆ ಅಚ್ಚಾಗುವುದೂ ಆ ತಿಳಿಯಾದ ಮುಖವೇ. ಪ್ರಯೋಗಕ್ಕೆಂದು, ನನ್ನ ಸಹಿಗೆ ಮುಂಚೆಯೇ, ಅಲ್ಲಿನ ಕಚೇರಿ ಸಿಬ್ಬಂದಿಯದೇ ಮಾದರಿ ಕಾರ್ಡುಗಳನ್ನು ಅಚ್ಚು ಹಾಕಿಸಿದರು. ಎಲ್ಲ ಹಸಿರು.

ಮರುದಿನದ ಕಾಲ್‌ನಲ್ಲಿ ಮೇಲ್ವಿಚಾರಕಿ ತಮ್ಮ ಮಾದರಿ ಕಾರ್ಡನ್ನು ಹಿಡಿದುಕೊಂಡಿದ್ದರು. ಅವರ ಇಂಗ್ಲಿಷಿನ ಮಾತನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. "ಚೆನ್ನಾಗಿದೆ, ಯಾರೋ ನನ್ನ ತಂಗಿ ಇರಬೇಕು. ಆದ್ರೆ ನಂಗೆ ತಂಗಿ ಇಲ್ಲ. ನೋಡಿ, ರಸ್ತೇಲಿ ಪೊಲೀಸ್ ಗಾಡಿ ನಿಲ್ಲಿಸಿದ್ರೆ ನಾನು ಮೊದಲು ಕೊಡೋದು ಈ ಕಾರ್ಡು. ಅವನು ಒಂದ್ಸಲ ಇದನ್ನ ನೋಡ್ತಾನೆ, ಒಂದ್ಸಲ ನನ್ನನ್ನ ನೋಡ್ತಾನೆ. ಆ ಹೊತ್ತಲ್ಲಿ ಅವನಿಗೆ ಅನುಮಾನ ಬರೋದು ನಂಗೆ ಬೇಡ. ನನ್ನ ಮಗನಿಗಂತೂ ಬೇಡವೇ ಬೇಡ."

ಕಾಲ್ ಮುಗಿದ ಮೇಲೆ ಪ್ಯಾಚ್ ನನ್ನ ಸಹಿಗೆ ಬಂತು. ನಾನು ಮ್ಯಾನೇಜರ್ ಮೇಜಿನ ಹತ್ತಿರ ಹೋದೆ.

"ಸರ್, ಇದಕ್ಕೆ ನಾನು ಸೈನ್ ಆಫ್ ಮಾಡಲ್ಲ."

"ಯಾಕಮ್ಮ? ಎಲ್ಲ ಹಸಿರು ಬರ್ತಿದೆಯಲ್ಲ."

"ಹಸಿರು ಬರ್ತಿದೆ. ಮುಖ ಬರ್ತಿಲ್ಲ. ಅವ್ರು ಹೇಳಿದ್ದು ಕೇಳಿಸ್ಕೊಂಡ್ರಲ್ಲ?"

"ಅವ್ರೊಬ್ರು ಹೇಳಿದ್ರು. ನೋಡಮ್ಮ, ಫೋಟೋದಲ್ಲಿ ಸ್ವಲ್ಪ ಬೆಳ್ಳಗೆ ಕಂಡ್ರೆ ಯಾರಾದ್ರೂ ಕಂಪ್ಲೇಂಟ್ ಮಾಡ್ತಾರಾ? ಥ್ಯಾಂಕ್ಸ್ ಹೇಳ್ತಾರೆ."

ಸಿಟ್ಟು ನೆತ್ತಿಗೇರಿತು. ನಾನು ಕಪ್ಪು. ಎಣ್ಣೆಗೆಂಪು, ಗೋಧಿ ಬಣ್ಣ ಅಂತೆಲ್ಲ ಸುತ್ತಿ ಬಳಸಿ ಹೇಳುವ ಕಪ್ಪಲ್ಲ, ಕಪ್ಪು. "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ" ಎಂಬ ಮಾತನ್ನು ಕಾಫಿ ಲೋಟ ಹಿಡಿದು ನಿಂತು ಕೇಳಿದವಳು. ಮ್ಯಾನೇಜರ್ ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದರು. ಹಾಗೆ ನಂಬಿದವರ ಹತ್ತಿರ ವಾದ ಮಾಡುವುದು ಬಲು ಕಷ್ಟ.

"ಸರ್, ಈ ಕಾರ್ಡ್ ಇರೋದೇ ಇವಳು ಇವಳೇ ಅಂತ ಹೇಳೋಕೆ. ಅದರಲ್ಲೇ ಬೇರೆ ಮುಖ ಹಾಕಿದ್ರೆ ಹೇಗೆ?"

"ಡೆಡ್‌ಲೈನ್ ತಪ್ಪಿದ್ರೆ ಕಾಂಟ್ರಾಕ್ಟ್ ಹೋಗುತ್ತೆ. ಕಾಂಟ್ರಾಕ್ಟ್ ಹೋದ್ರೆ ಟೀಮ್ ಹೋಗುತ್ತೆ. ಇಲ್ಲಿರೋರೆಲ್ಲ ಪಾಸ್ ಮೇಲೆ ಇದ್ದಾರಮ್ಮ, ನೀನೂ ಸೇರಿ. ನಿಂದು ರಿನ್ಯೂವಲ್ ಹತ್ರ ಬಂತಲ್ವಾ?"

ಬೆದರಿಕೆ ಅಲ್ಲ ಎನ್ನುವಷ್ಟು ಮೆತ್ತಗೆ ಹೇಳಿದರು. ನನಗೆ ಅರ್ಥವಾಯಿತು. ಸಿಂಗಪುರದಲ್ಲಿ ಕೆಲಸ ಹೋದರೆ ಪಾಸ್ ಹೋಗುತ್ತದೆ, ಪಾಸ್ ಹೋದರೆ ಮನೆ ಖಾಲಿ ಮಾಡಿ ವಿಮಾನ ಹತ್ತಬೇಕು. ಹೆದರಿಕೆ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಹೆದರಿಕೆ ಬೇರೆ, ಸಹಿ ಬೇರೆ. ಕ್ಯಾಮೆರಾ ಕಡೆಯಿಂದ ಸರಿ ಮಾಡಲು ಒಂದಿಷ್ಟು ಸಮಯ ಕೊಡಿ ಎಂದೆ. ಮುಂದಿನ ಪರಿಶೀಲನೆಯ ಕಾಲ್ ವರೆಗೆ ಕೊಟ್ಟರು. ಆಗದಿದ್ದರೆ ಸಹಿ ಮಾಡುವವರನ್ನೇ ಬದಲಿಸುವುದಾಗಿ ಹೇಳಿದರು.

ಮೊದಲು ಬಗೆಹರಿಯಬೇಕಿದ್ದ ಪ್ರಶ್ನೆ: ನಮ್ಮಲ್ಲಿ ಎಲ್ಲವೂ ಹಸಿರು, ಅಲ್ಲಿ ಮಾತ್ರ ಯಾಕೆ ಕೆಂಪು? ನಾನೂ ನಮ್ಮ ಟೀಮಿನ ಟೆಸ್ಟಿಂಗ್ ಹುಡುಗಿಯೂ ಪರೀಕ್ಷೆಯ ಫೋಟೋಗಳನ್ನು ಮತ್ತೆ ತೆರೆದು ಕೂತೆವು. ಅವಳು ಸಿಂಗಪುರದ ಜುರಾಂಗ್ ವೆಸ್ಟ್‌ನಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಇಲ್ಲಿನ ಮಕ್ಕಳ ಹಾಗೆ ನನ್ನನ್ನೂ ಆಂಟಿ ಮಾಡಿಬಿಟ್ಟಿದ್ದಳು, ಎಷ್ಟು ಬೈದರೂ ಬಿಟ್ಟಿರಲಿಲ್ಲ. ಒಂದು ಫೋಟೋ ಬಂತು. ಅದನ್ನು ನೋಡಿದಳು, ಪಕ್ಕದಲ್ಲಿ ಕೂತ ನನ್ನನ್ನು ನೋಡಿದಳು.

"ಆಂಟಿ, ಇದು ನೀವಾ? ನೋ ಲಾ, ಅಲ್ವೇ ಅಲ್ಲ. ಯಾರ್ದೋ ಫೋಟೋಗೆ ನಿಮ್ಮ ಹೆಸರು ಹಾಕಿದ್ದಾರೆ."

ನನ್ನದೇ. ಗಂಡಿನ ಕಡೆಗೆ ತೋರಿಸಲು ಬಳ್ಳಾರಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಸ್ಟುಡಿಯೋದವನು ಹೇಳದೆ ಕೇಳದೆ ನನ್ನನ್ನು ಬೆಳ್ಳಗೆ ಮಾಡಿಕೊಟ್ಟಿದ್ದ. ಊರಲ್ಲಿ ಅದು ಸೇವೆ, ಇಸ್ತ್ರಿ ಹಾಕಿದ ಹಾಗೆ. ನಮಗೆ ಕಣ್ಣು ಎಷ್ಟು ಒಗ್ಗಿಹೋಗಿತ್ತೆಂದರೆ, ಮನೆಯವರ ಮುಖ ಬೇರೆ, ಮನೆಯವರ ಫೋಟೋ ಬೇರೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಒಂದೊಂದಾಗಿ ನೋಡಿದೆವು. ತಮಿಳು ಸಹೋದ್ಯೋಗಿಯ ತಂದೆ, ಗುಂಟೂರಿನವನ ಅಕ್ಕ, ಕೋಲಾರದವನ ಅಜ್ಜಿ, ಎಲ್ಲರೂ ಹಾಲಿನಲ್ಲಿ ಅದ್ದಿ ತೆಗೆದಂತಿದ್ದರು. ಕೆನ್ನೆಯ ಬೆಳಕನ್ನು ಅಳೆದಾಗ ಇನ್ನೂ ಸ್ಪಷ್ಟವಾಯಿತು: ಇಡೀ ಸಂಗ್ರಹದಲ್ಲಿ ನಿಜವಾದ ಕಪ್ಪು ಕೆನ್ನೆ ಒಂದೂ ಇಲ್ಲ. ಕಪ್ಪು ಜನರ ಮೇಲೆ ಪರೀಕ್ಷೆ ಮಾಡಿದ್ದೇವೆ ಎಂದು ಕಪ್ಪು ಜನರಾದ ನಾವೇ ಬರೆದುಕೊಟ್ಟಿದ್ದೆವು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ಗಾದೆ ನಮಗೆ ಬಾಯಿಪಾಠ ಇತ್ತು, ಅಷ್ಟೆ.

ನಿಜವಾದ ಮುಖಗಳು ಬೇಕು. ಸ್ಟುಡಿಯೋದಿಂದಲ್ಲ, ನಮ್ಮ ಕ್ಯಾಮೆರಾದಿಂದಲೇ. ಅಮೆರಿಕದವರು ಕಳಿಸಿದ ಅದೇ ಕ್ಯಾಮೆರಾ, ಎರಡು ದೀಪ, ಹಿಂದೆ ಹಿಡಿಯುವ ತಿಳಿನೀಲಿ ಪರದೆ ನಮ್ಮ ಲ್ಯಾಬ್‌ನಲ್ಲಿದ್ದವು. ಅವನ್ನು ಹೊರಗೆ ಒಯ್ಯಲು ಅನುಮತಿ ಕೇಳಿದೆ. "ಏನಾದ್ರೂ ಮಾಡ್ಕೋ" ಎಂದರು ಮ್ಯಾನೇಜರ್. ಶನಿವಾರ ಟೆಸ್ಟಿಂಗ್ ಹುಡುಗಿಯ ಮನೆಯ ಹಾಲ್‌ನಲ್ಲಿ ಎಲ್ಲವನ್ನೂ ಜೋಡಿಸಿದೆವು. ಅವಳ ತಾಯಿ ತಮ್ಮ ಬ್ಲಾಕಿನ, ಪರಿಚಯದ ಕನ್ನಡ ಮನೆಗಳಿಗೆಲ್ಲ ಫೋನ್ ಮಾಡಿ ಕರೆದರು, ಉಪ್ಪಿಟ್ಟು ಕೇಸರಿಬಾತ್ ಮಾಡಿದರು. ಫೋಟೋ ಯಾಕೆ, ಎಲ್ಲಿಗೆ ಹೋಗುತ್ತದೆ ಎಂದು ನಾನು ಬಂದವರಿಗೆಲ್ಲ ಹೇಳಿ ಒಪ್ಪಿಗೆ ತೆಗೆದುಕೊಂಡೆ.

ಬಂದರು. ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಒಬ್ಬರೂ ಬಿಡದಂತೆ ಎಲ್ಲರೂ ಮುಖಕ್ಕೆ ಪೌಡರ್ ಹಾಕಿಕೊಂಡು ಬಂದರು. ಗಂಡಸರೂ. ದೀಪ ಹಾಕಿದರೆ ಸಾಲಾಗಿ ಸುಣ್ಣ ಬಳಿದ ಗೋಡೆಗಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆಂಟಿ, ದಯವಿಟ್ಟು ಮುಖ ತೊಳ್ಕೊಂಡು ಬನ್ನಿ," ಎಂದೆ ಮೊದಲು ಕೂತವರಿಗೆ.

"ತೊಳ್ಕೊಂಡೇ ಬಂದಿರೋದಮ್ಮ."

"ಪೌಡರ್ ಹೋಗೋ ಹಾಗೆ ತೊಳ್ಕೊಳ್ಳಿ."

"ಫೋಟೋ ಅಂದ್ಮೇಲೆ ಪೌಡರ್ ಬೇಡ್ವಾ? ಅಮೆರಿಕದವರು ನೋಡೋದು ಅಂತೀಯ, ಹೀಗೇ ಕಪ್ಪಗೆ ಹೋಗ್ಲಾ?"

"ಹೂಂ ಆಂಟಿ, ಹೀಗೇ ಹೋಗಿ. ಕಪ್ಪಗಿರೋರೇ ಬೇಕು ನಂಗೆ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ನಾನು ಪೌಡರ್ ಹಾಕಿರಲಿಲ್ಲ. ಏನನ್ನಿಸಿತೋ, ಎದ್ದು ಬಚ್ಚಲಿಗೆ ಹೋದರು. ಅವರ ಹಿಂದೆ ಉಳಿದವರೂ ಹೋದರು. ಬಚ್ಚಲ ಮುಂದೆ ಸಾಲು ನಿಂತಿತು, ಮನೆಯ ಟವೆಲ್ಲುಗಳೆಲ್ಲ ಬೆಳ್ಳಗಾದವು. ಆಮೇಲೆ ಕ್ಯಾಮೆರಾ ಮುಂದೆ ಕೂತವರಲ್ಲಿ ಬಹಳ ಜನಕ್ಕೆ ಕೆಂಪೇ ಬಂತು. ಅಮೆರಿಕದ ಕಚೇರಿಯಲ್ಲಿ ಆಗುತ್ತಿದ್ದದ್ದು ಜುರಾಂಗ್ ವೆಸ್ಟ್‌ನ ಹಾಲ್‌ನಲ್ಲಿ ಹಾಗೆಹಾಗೇ ಆಯಿತು. ಅಷ್ಟು ಕೆಂಪು ನೋಡಿ ಖುಷಿಪಟ್ಟದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ಕಾರಣ ಈಗ ಕೈಗೆ ಸಿಕ್ಕಿತು. ಕ್ಯಾಮೆರಾ ಎಷ್ಟು ಬೆಳಕು ಒಳಗೆ ಬಿಡಬೇಕೆಂದು ತಾನೇ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಇಡೀ ಚಿತ್ರದ ಮೇಲೆ ಹಾಕುತ್ತಿತ್ತು. ಹಿಂದಿನ ಪರದೆ ತಿಳಿ ಬಣ್ಣದ್ದು, ಅದೇ ಹೆಚ್ಚು ಜಾಗ. ಬೆಳಕು ಸಾಕಷ್ಟಿದೆ ಎಂದುಕೊಂಡು ಕ್ಯಾಮೆರಾ ಕಡಿಮೆ ಬೆಳಕು ಬಿಡುತ್ತಿತ್ತು. ಬಿಳಿಯ ಮುಖ ಅದರಲ್ಲೂ ಬದುಕಿಕೊಳ್ಳುತ್ತಿತ್ತು, ಕಪ್ಪು ಮುಖ ಮುಳುಗುತ್ತಿತ್ತು. ಅಂದರೆ ತಪ್ಪು ಮುಖದ್ದಲ್ಲ, ಪರದೆಯನ್ನು ನೋಡಿ ಮುಖ ಅಳೆಯುತ್ತಿದ್ದ ಕ್ಯಾಮೆರಾದ್ದು. ಮ್ಯಾನೇಜರ್ ಪ್ಯಾಚ್ ಮುಳುಗಿದ ಮುಖಕ್ಕೆ ಆಮೇಲೆ ಸುಣ್ಣ ಹಚ್ಚುತ್ತಿತ್ತು, ಇಲ್ಲದ ವಿವರ ಅದರಿಂದ ಬರುವುದಿಲ್ಲ.

ಎಲ್ಲರಿಗೂ ಬೆಳಕು ಹೆಚ್ಚಿಸಿ ನೋಡಿದೆ. ಕಪ್ಪು ಮುಖಗಳು ಚೆನ್ನಾಗಿ ಬಂದವು. ಆದರೆ ಲ್ಯಾಬ್‌ನ ಚೀನೀ ಸಹೋದ್ಯೋಗಿಯನ್ನು ಕೂರಿಸಿದರೆ ಹಣೆ ಟ್ಯೂಬ್‌ಲೈಟಿನಂತೆ ಹೊಳೆಯಿತು. ಹೊಳಪು ಕೂಡದು ಎನ್ನುವುದೂ ನಿಯಮವೇ. ಬೆಳಕು ಹೆಚ್ಚು ಹೊತ್ತು ಒಳಗೆ ಬರಲಿ ಎಂದು ಶಟರ್ ನಿಧಾನ ಮಾಡಿದೆ. ಸ್ವಲ್ಪ ಅಲುಗಿದರೂ ಕಣ್ಣು ಮಸುಕಾಯಿತು. ಕೊನೆಗೆ ಲೆಕ್ಕದ ಜಾಗವನ್ನೇ ಬದಲಿಸಿದೆ: ಫೋಟೋಗೆ ಮುಂಚೆ ಕ್ಯಾಮೆರಾ ಮುಖ ಎಲ್ಲಿದೆ ಎಂದು ಹುಡುಕಬೇಕು, ಎರಡು ಕೆನ್ನೆಗಳ ಬೆಳಕನ್ನು ಮಾತ್ರ ಅಳೆಯಬೇಕು, ಕೂತವರಿಗೆ ತಕ್ಕಂತೆ ದೀಪ ಏರಬೇಕು ಇಳಿಯಬೇಕು. ತೆಗೆದ ಮೇಲೆ ಒಂದು ಚುಕ್ಕೆಯನ್ನೂ ಯಾರೂ ತಿದ್ದಬಾರದು. ಹಸಿರು-ಕೆಂಪಿನ ಗೆರೆಯನ್ನೂ ಜುರಾಂಗ್ ವೆಸ್ಟ್‌ನ ಜನರನ್ನು ಮತ್ತೆ ಕೂರಿಸಿ, ತೊಳೆದ ಮುಖಗಳ ಮೇಲೆ ಹೊಸದಾಗಿ ಎಳೆದೆ. ಆ ಮುಖಗಳೆಲ್ಲ ಹಸಿರಾದವು, ತಮ್ಮ ಬಣ್ಣದಲ್ಲೇ.

ಒಂದು ತೊಡಕು ಉಳಿಯಿತು. ಇದಕ್ಕೆ ಪ್ರತಿ ಕಚೇರಿಯಲ್ಲೂ ದೀಪಗಳನ್ನು ಅಳತೆ ಮಾಡಿ ಇಡಬೇಕು, ಕ್ಯಾಮೆರಾವನ್ನು ಮತ್ತೆ ಪ್ರಮಾಣೀಕರಿಸಬೇಕು. ಡೆಡ್‌ಲೈನ್ ತಪ್ಪುತ್ತದೆ. ಮ್ಯಾನೇಜರ್ ಎಲ್ಲವನ್ನೂ ಕೇಳಿ ತಲೆಯಾಡಿಸಿದರು.

"ಕೆಲಸ ಚೆನ್ನಾಗಿದೆಯಮ್ಮ. ನೆಕ್ಸ್ಟ್ ವರ್ಷನ್‌ಗೆ ಹಾಕೋಣ. ಈಗ ಪ್ಯಾಚ್ ಹೋಗ್ಲಿ. ನಾಳೆ ಕಾಲ್‌ನಲ್ಲಿ ನಾನೇ ಮಾತಾಡ್ತೀನಿ, ನೀನು ನೋಟ್ಸ್ ತಗೋ ಸಾಕು."

ನೆಕ್ಸ್ಟ್ ವರ್ಷನ್ ಎಂದರೆ ಏನೆಂದು ಈ ಕಸುಬಿನವರಿಗೆಲ್ಲ ಗೊತ್ತು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಸುಣ್ಣ ಹಚ್ಚಿದ ಕಾರ್ಡುಗಳು ಊರೆಲ್ಲ ಹಂಚಿಹೋಗಿರುತ್ತವೆ, ಅವು ವರ್ಷಗಟ್ಟಲೆ ಜೇಬಿನಲ್ಲಿರುತ್ತವೆ. ಸಂಜೆ ಕ್ಯಾಮೆರಾ ಮುಂದೆ ನಾನೇ ಕೂತು ಎರಡು ಫೋಟೋ ತೆಗೆಸಿಕೊಂಡೆ.

ಬೆಳಿಗ್ಗೆ ಕಾಲ್‌ನಲ್ಲಿ ರಾಜ್ಯದವರು, ಅಚ್ಚು ಕಂಪನಿಯವರು ಎಲ್ಲರೂ ಇದ್ದರು. ಮ್ಯಾನೇಜರ್ ಪ್ಯಾಚ್ ತೋರಿಸಿದರು, ಎಲ್ಲ ಹಸಿರು ಎಂದರು. ಪ್ರಶ್ನೆಗಳಿವೆಯೇ ಎಂದು ಅಚ್ಚು ಕಂಪನಿಯವನು ಕೇಳಿದ. ನೋಟ್ಸ್ ಪಕ್ಕಕ್ಕಿಟ್ಟು ನಾನು ಬಾಯಿ ತೆರೆದೆ. ಈ ಭಾಗಕ್ಕೆ ಸಹಿ ಮಾಡಬೇಕಾದವಳು ನಾನು, ಮಾಡಿಲ್ಲ, ಮಾಡುವುದೂ ಇಲ್ಲ ಎಂದೆ. ನನ್ನ ಎರಡು ಫೋಟೋಗಳನ್ನು ಸ್ಕ್ರೀನ್ ಮೇಲೆ ಹಾಕಿದೆ. ಎಡಕ್ಕೆ ಪ್ಯಾಚ್ ಮಾಡಿದ್ದು, ಬಲಕ್ಕೆ ಹೊಸ ಅಳತೆಯದು. ಆಮೇಲೆ ನನ್ನ ವೆಬ್‌ಕ್ಯಾಮ್ ಆನ್ ಮಾಡಿದೆ. "ಮೂರು ಜನ ಇದ್ದೀವಿ ನೋಡಿ," ಎಂದೆ, "ಇಬ್ಬರು ಒಂದೇ. ಇನ್ನೊಬ್ಬಳು ಯಾರೋ ನನಗೆ ಗೊತ್ತಿಲ್ಲ. ಅವಳ ಮುಖಕ್ಕೆ ನನ್ನ ಹೆಸರು ಹಾಕಿ ಕಾರ್ಡು ಕೊಡಲು ಹೊರಟಿದ್ದೀರಿ. ಮೂಗಿನ ಪಕ್ಕದ ಮಚ್ಚೆ ಕೂಡ ಅವಳಿಗಿಲ್ಲ." ಪರೀಕ್ಷೆಯ ಫೋಟೋಗಳು ಸ್ಟುಡಿಯೋದಲ್ಲಿ ಬಿಳಿಯಾದದ್ದನ್ನೂ ಮುಚ್ಚಿಡದೆ ಹೇಳಿದೆ. ಮ್ಯಾನೇಜರ್ ನನ್ನ ಕಡೆ ತಿರುಗಲಿಲ್ಲ.

ಅಚ್ಚು ಕಂಪನಿಯವನು ತಡವಾದರೆ ದಂಡ ಯಾರದೆಂದು ಶುರುಮಾಡಿದ. ಮೇಲ್ವಿಚಾರಕಿ ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿದರು. ಪ್ಯಾಚ್ ಹಾಕಿದ ಫೋಟೋ ತಮ್ಮ ಕಚೇರಿಯಿಂದ ಹೊರಗೆ ಹೋಗುವುದಿಲ್ಲ, ಬೇಕಾದರೆ ಅದನ್ನು ಬರೆದೂ ಕೊಡುತ್ತೇನೆ ಎಂದರು. ದೀಪ ಹೇಗಿಡಬೇಕು ಎಂದು ನನ್ನನ್ನೇ ಕೇಳಿದರು. ರಾಜ್ಯದವರು ಗೊಣಗಿಕೊಂಡೇ ಗಡುವನ್ನು ಮುಂದಕ್ಕೆ ಹಾಕಿದರು.

ಮುಂದಿನ ವಾರಗಳೆಲ್ಲ ದೀಪ ಅಳೆಯುವುದರಲ್ಲಿ ಹೋದವು. ಅವರ ಒಂದು ದೀಪವನ್ನು ಯಾರೋ ಬೀರುವಿನ ಹಿಂದೆ ತಳ್ಳಿದ್ದರು. ಅದನ್ನು ಎಳೆಸಿದೆವು. ಕೂರುವ ಕುರ್ಚಿಯ ಮೇಲೆ ಮುಖದ ಬದಲು ಬೂದು ಬಣ್ಣದ ರಟ್ಟು ಹಿಡಿಸಿ, ಎಡ ಬಲ ಬೆಳಕು ಸಮ ಬರುವ ತನಕ ಮೇಲ್ವಿಚಾರಕಿಯೇ ದೀಪವನ್ನು ಆಚೀಚೆ ಸರಿಸಿದರು. ನಾನು ಇಲ್ಲಿಂದ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಿದ್ದೆ. ಮ್ಯಾನೇಜರ್ ನನ್ನೊಡನೆ ಊಟಕ್ಕೆ ಬರುವುದನ್ನು ಬಿಟ್ಟಿದ್ದರು. ಕಾಲ್‌ಗಳಿಗೆ ಮಾತ್ರ ಬಂದು ಪಕ್ಕದಲ್ಲಿ ಕೂರುತ್ತಿದ್ದರು.

ಹೊಸ ಕಾರ್ಡುಗಳು ಅಚ್ಚಾದ ದಿನವೂ ಹಾಗೇ ಕೂತಿದ್ದರು. ಮೇಲ್ವಿಚಾರಕಿ ತಮ್ಮ ಕಾರ್ಡನ್ನು ಕ್ಯಾಮೆರಾಗೆ ಹಿಡಿದರು, ನಕ್ಷತ್ರದ ಸಮೇತ. ಮುಖ ಅವರದೇ, ಕಣ್ಣ ಕೆಳಗಿನ ಗೆರೆಗಳೂ ಅವರವೇ. ಅವರು ಅದನ್ನು ತಿರುಗಿಸಿ ತಾವೂ ನೋಡಿಕೊಂಡರು.

"ಇದನ್ನ ಕಾರಲ್ಲಿ ಇಟ್ಕೋತೀನಿ," ಎಂದರು. "ನಾಳೆ ಮಗನ್ನೂ ಕರ್ಕೊಂಡು ಬರ್ತೀನಿ."

ಮ್ಯಾನೇಜರ್ ಕೈ ಚಾಚಿ ನಮ್ಮ ಮೈಕ್ ಮ್ಯೂಟ್ ಮಾಡಿದರು.

"ನಿನ್ನ ರಿನ್ಯೂವಲ್ ವಿಷಯ ಆಮೇಲೆ ಮಾತಾಡೋಣಮ್ಮ."

"ಮಾತಾಡೋಣ ಸರ್," ಎಂದೆ. ಮ್ಯೂಟ್ ತೆಗೆದೆ. ಇನ್ನು ಯಾವ ಕಚೇರಿಯ ದೀಪ ಅಳೆಯಬೇಕು ಎಂದು ಮೇಲ್ವಿಚಾರಕಿಯನ್ನು ಕೇಳಿದೆ.